ಹೊಟ್ಟೆಗೆ ಸೀಸವಿಲ್ಲ, ಜುಟ್ಟಿಗೆ ಫಿರಂಗಿ

ಶೀನ: ರಿಮೋಟಲ್ಲಿ ಓಡೋ ಯುದ್ಧನೌಕೆ ಮಾದರಿ ಕಟ್ತೀನಿ. ಕಟ್ಟಿದ್ರೆ ಎರಡನೇ ಮಹಾಯುದ್ಧದ ಜರ್ಮನ್ ದೈತ್ಯ ಬಿಸ್ಮಾರ್ಕೇ!

ನಾಣಿ: ಕಟ್ಟು. ಅಸಲಿ 251 ಮೀಟರು. 1:144 ಅಳತೆಗೆ 1.74 ಮೀಟರು. ಐವತ್ತು ಸಾವಿರ ಟನ್ನನ್ನ 144ರ ಘನದಿಂದ ಭಾಗಿಸಿದ್ರೆ ಹದಿನೇಳು ಕಿಲೋ ಹತ್ರ. ನೀರಿನ ತನಕ ಹೊರೋದು ಯಾರು?

ಶೀನ: ಘನ ಯಾಕೆ?

ಸುಮ: ಉದ್ದ, ಅಗಲ, ಆಳ ಮೂರೂ ಇಳೀತಲ್ಲಪ್ಪ. ಅಮೆರಿಕದ ಫ್ಲೆಚರ್ ವರ್ಗದ ಡಿಸ್ಟ್ರಾಯರ್ ಹಿಡಿ, ಅದು ಚಿಕ್ಕ ಯುದ್ಧನೌಕೆ. 1:96ರಲ್ಲಿ 1.2 ಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲ, ತೂಕ ಸುಮಾರು 2.8 ಕಿಲೋ. ಹಲ್ ಅಂದ್ರೆ ಹಡಗಿನ ಒಡಲು, ಮೋಟಾರು, ಬ್ಯಾಟರಿ, ಬಣ್ಣ ಎಲ್ಲ ಸೇರಿ ಅಷ್ಟೇ. ಫೈಬರ್‌ಗ್ಲಾಸ್ ಹಲ್ ಸಿದ್ಧವಾಗಿ ಸಿಕ್ಕಿದ್ರೆ ಕೊಂಡುಬಿಡು.

ಶೀನ: ಲೋಹದ ಫಿರಂಗಿ ಐದು ಆಗ್ಲೇ ನೋಡಿಟ್ಟಿದ್ದೀನಿ.

ನಾಣಿ: ಕೂಸು ಹುಟ್ಟೋ ಮುಂಚೆ ಕುಲಾವಿ! ಡಿಸ್ಟ್ರಾಯರ್ ಅಂದ್ರೆ ತೆಳು ಸೊಂಟದ್ದು. ಮೇಲೆ ಭಾರ ಹೇರಿದ್ರೆ ಮೊದಲ ತಿರುವಲ್ಲೇ ದೀರ್ಘದಂಡ ನಮಸ್ಕಾರ. ಡೆಕ್ ಮೇಲಿನ ಮೇಲ್ಕಟ್ಟಡಕ್ಕೆ ಒಂದು ಮಿಲಿಮೀಟರ್ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಚಿಮಣಿ ಮಟ್ಟಕ್ಕೆ ಹೋದ್ಮೇಲೆ ಅರ್ಧ ಮಿಲಿಮೀಟರ್. ಫಿರಂಗಿ ಟೊಳ್ಳಾಗಿರಲಿ.

ಸುಮ: ಭಾರ ಎಲ್ಲ ತಳಕ್ಕೆ. 6 ವೋಲ್ಟಿನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಮಲಗಿಸಿಡು. ಕರೆಂಟಿಗೆ ಕರೆಂಟು, ಭಾರಕ್ಕೆ ಭಾರ.

ಶೀನ: ಮೋಟಾರು?

ಸುಮ: ಬ್ರಶ್ಡ್ ಮೋಟಾರ್ ಎರಡು. ಪ್ರೊಪೆಲ್ಲರ್ ಒಂದು ಎಡಗೈಯದು, ಒಂದು ಬಲಗೈಯದು. ಎರಡೂ ಒಂದೇ ಕಡೆ ಸುತ್ತಿದ್ರೆ ಹಡಗು ಓರೆಗೆ ಎಳೆಯತ್ತೆ. ಮೋಟಾರಿನ ವೇಗ ಹಿಡಿತದಲ್ಲಿಡೋ ಇಎಸ್‌ಸಿ ಎರಡು ಹಾಕಿ, ಎರಡರಲ್ಲೂ ರಿಸೀವರಿಗೆ ಕರೆಂಟು ಕೊಡೋ ಬಿಇಸಿ ಇದ್ರೆ, ಒಂದರ ಕೆಂಪು ವೈರ್ ಬಿಚ್ಚಿ ಟೇಪ್ ಸುತ್ತು. ರಿಸೀವರಿಗೆ ಒಬ್ಬರೇ ಊಟ ಬಡಿಸಬೇಕು.

ನಾಣಿ: ಮೋಟಾರು, ಪ್ರೊಪೆಲ್ಲರ್ ತಿರುಗಿಸೋ ಶಾಫ್ಟು ಒಂದೇ ಗೆರೇಲಿ ಕೂರೋದೇ ಕಷ್ಟದ ಕೆಲಸ. ಅವನ್ನ ಜೋಡಿಸೋ ಕಪ್ಲಿಂಗ್ ಬದಲು ಮೊದಲು ಎರಡರ ಮೇಲೂ ಬಿಗಿಯಾಗಿ ಕೂರೋ ಹಿತ್ತಾಳೆ ಕೊಳವೆ ಏರಿಸಿ, ಮೋಟಾರಿನ ಪೀಠ ಅಂಟಿಸಿ, ಎಪಾಕ್ಸಿ ಗಟ್ಟಿಯಾದ್ಮೇಲೆ ಕೊಳವೆ ತೆಗೆದು ಕಪ್ಲಿಂಗ್ ಹಾಕು. ಬೆರಳಲ್ಲಿ ತಿರುಗಿಸಿ ನೋಡು: ಒಂದು ಸುತ್ತಲ್ಲಿ ಬಿಗಿ-ಸಡಿಲ-ಬಿಗಿ ಅಂದ್ರೆ ಓರೆ. ಹಾಗೇ ಬಿಟ್ರೆ ಗರಗರ ಸದ್ದು, ಕಾದ ಮೋಟಾರು, ಬೇಗ ಖಾಲಿಯಾಗೋ ಬ್ಯಾಟರಿ. ಶಾಫ್ಟ್ ಕೊಳವೆಗೆ ಗ್ರೀಸ್ ತುಂಬೋದು ಮರೀಬೇಡ, ಇಲ್ಲಾಂದ್ರೆ ನೀರು ಅಲ್ಲಿಂದಲೇ ಒಳಗೆ ಬರತ್ತೆ.

ಸುಮ: ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲಿರಲಿ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಲ್ಲಿ ದಾಟಲ್ಲ.

ಶೀನ: ನೀರಿಗೆ ಬಿಡೋದು ಯಾವಾಗ?

ನಾಣಿ: ಮೇಲ್ಕಟ್ಟಡ ಶುರು ಮಾಡೋ ಮುಂಚೆ, ಟಬ್ಬಲ್ಲಿ. ಟಬ್ಬು ಹಡಗಿಗಿಂತ ಉದ್ದ ಇದೆಯಾ ಅಂತ ಮೊದಲೇ ಅಳೆದುಕೋ! ಸೀಸದ ಗುಂಡು ಪುಟ್ಟ ಚೀಲಗಳಲ್ಲಿ ಹಾಕಿ, ನೀರಿನ ಗೆರೆ ಮುಟ್ಟೋ ತನಕ ಹಿಂದೆ ಮುಂದೆ ಸರಿಸು. ಮೇಲ್ಕಟ್ಟಡದ ಪಾಲಿನ ತೂಕ ಡೆಕ್ ಮೇಲಿಟ್ಟು, ಒಂದು ಬದಿ ಬೆರಳಿಂದ ಅದುಮಿ ಬಿಡು. ಪಟ್ ಅಂತ ಎದ್ರೆ ಸರಿ. ಯೋಚನೆ ಮಾಡ್ಕೊಂಡು ಎದ್ರೆ ಮೇಲೆ ಭಾರ ಜಾಸ್ತಿ. ಬಣ್ಣ ಆಗೋ ತನಕ ಸೀಸ ಅಂಟಿಸಬೇಡ.

ಶೀನ: ವೇಗ?

ಸುಮ: ಹಡಗಿನ ವೇಗ ಅಳೆಯೋದು ನಾಟಲ್ಲಿ. ಅಸಲಿ 36 ನಾಟ್, 96ರ ವರ್ಗಮೂಲದಿಂದ ಭಾಗಿಸಿದ್ರೆ 3.7. ಬಿರುಸಿನ ನಡಿಗೆ, ಅಷ್ಟೇ. ಅದಕ್ಕಿಂತ ಜೋರಾಗಿ ಓಡಿಸಿ ಚಕ್ಕಂತ ತಿರುಗಿಸಿದ್ರೆ ಹೊರಮಗ್ಗುಲಿಗೆ ವಾಲಿ ಡೆಕ್ ಮೇಲೆ ನೀರು. ಡೆಕ್ ತೆರವಿನ ಸುತ್ತ ಒಂದು ಸೆಂಟಿಮೀಟರ್ ಎತ್ತರದ ತಡೆ ಇಲ್ದಿದ್ರೆ ಒಳಗೂ ನೀರು.

ಶೀನ: ಮುಳುಗದ ಹಾಗೆ ಮೂತಿಗೆ ಥರ್ಮಾಕೋಲ್ ತುಂಬ್ತೀನಿ.

ನಾಣಿ: ತುಂಬು. ಪಾಲಿಯೆಸ್ಟರ್ ರೆಸಿನ್ ಮಾತ್ರ ಹತ್ರ ತರಬೇಡ, ಥರ್ಮಾಕೋಲನ್ನ ಕರಗಿಸಿ ನುಂಗಿಬಿಡತ್ತೆ.

ಶೀನ: ಹಾಗಾದ್ರೆ ಫಿರಂಗಿ ಯಾವಾಗ ಕೊಳ್ಳಲಿ?

ಸುಮ: ನಾವು ಇಷ್ಟೊತ್ತು ಯಾರ ಹತ್ರ ಮಾತಾಡ್ತಿದ್ವಿ, ನಾಣಿ?