ಹೊಸ ಎಕ್ಸ್‌ಟೆನ್ಷನ್‌ನ 40 ಡೊಮೇನ್ ಕೊಂಡು ಮಾರುವುದು: ಮೊದಲ ವರ್ಷ 2 ಡಾಲರ್, ರಿನ್ಯೂವಲ್ 28. ಲೆಕ್ಕ ಕೂಡುತ್ತದೆಯೇ?

ಚುಕ್ಕಿಯಾಚೆ ಕೇಳಿದ್ದು:

ಡಾಟ್ ಕಾಮ್‌ನಲ್ಲಿ ಒಂದೇ ಪದದ ಹೆಸರುಗಳು ಎಂದೋ ಖಾಲಿಯಾಗಿವೆ. ಅದೇ ಪದಗಳು 2013ರ ಕೊನೆಯಿಂದ ಬಂದ ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ (ತಾಣದ ಹೆಸರಿನ ಕೊನೆಯ ಚುಕ್ಕಿಯ ನಂತರದ ಭಾಗ) ಈಗಲೂ ಸಿಗುತ್ತವೆ. ಅಂಥದ್ದೊಂದಕ್ಕೆ ಆಫರ್ ನಡೆಯುತ್ತಿದೆ: ಮೊದಲ ವರ್ಷಕ್ಕೆ 2 ಡಾಲರ್, ಆಮೇಲೆ ವರ್ಷಕ್ಕೆ 28. ವ್ಯಾಪಾರ, ಸಾಫ್ಟ್‌ವೇರ್, ಆರೋಗ್ಯ ಕ್ಷೇತ್ರದ ಸಾಮಾನ್ಯ ಇಂಗ್ಲಿಷ್ ಪದಗಳ 40 ಹೆಸರು ಪಟ್ಟಿ ಮಾಡಿಟ್ಟಿದ್ದೇನೆ. ಎರಡು ಮೂರು ವರ್ಷ ಇಟ್ಟುಕೊಂಡು ಒಂದೊಂದನ್ನೂ 1,500 ಡಾಲರ್ ಆಸುಪಾಸಿಗೆ ಮಾರುವ ಯೋಚನೆ.

40 ಎನ್ನುವುದು ಹೆಚ್ಚಾಯಿತೇ? ಯಾವ ಹೆಸರು ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ದುಡ್ಡು ಕಟ್ಟುವ ಮೊದಲೇ ತಿಳಿಯಲು ದಾರಿ ಇದೆಯೇ? ಇನ್ನೊಂದು: ಪಟ್ಟಿಯಲ್ಲಿರುವ ಒಂದು ಹೆಸರಿಗೆ ಮಾತ್ರ "ಪ್ರೀಮಿಯಂ" ಎಂದು 190 ಡಾಲರ್ ತೋರಿಸುತ್ತಿದೆ. ಉಳಿದ 39ಕ್ಕಿಂತ ಅದೇ ಚೆನ್ನಾಗಿದೆ. ತೆಗೆದುಕೊಳ್ಳಬಹುದೇ?

ಮೂಗುತಿಭಾರ ಉತ್ತರಿಸಿದ್ದು:

ಆ 2 ಡಾಲರ್ ಮರೆತುಬಿಡಿ. ನೀವು ಕೊಡುತ್ತಿರುವ ಬೆಲೆ 28.

ಡಾಟ್ ಕಾಮ್ ಇಟ್ಟುಕೊಂಡವರೇ ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೋದರೆ ಸಮಾಧಾನಪಡುತ್ತಾರೆ. ಹೊಸ ಎಕ್ಸ್‌ಟೆನ್ಷನ್‌ಗೆ ಇನ್ನೂರಕ್ಕೆ ಒಂದು ಎಂದು ಹಿಡಿಯಿರಿ. ನಿಮ್ಮ 40ಕ್ಕೆ ಅದು ಐದು ವರ್ಷದಲ್ಲಿ ಒಂದು ಮಾರಾಟ. ಆ ಐದು ವರ್ಷದ ಖರ್ಚು ಮೊದಲ ವರ್ಷ 80, ಆಮೇಲೆ ನಾಲ್ಕು ಸಲ 1,120, ಒಟ್ಟು 4,560 ಡಾಲರ್. ಮಾರಿಕೊಡುವ ತಾಣ ನೂರಕ್ಕೆ 20 ಕಮಿಷನ್ ಮುರಿದುಕೊಂಡರೆ ಆ ಒಂದೇ ಹೆಸರು 5,700ಕ್ಕೆ ಹೋಗಬೇಕು, ಅದೂ ಬರೀ ಅಸಲು ಕೈಸೇರಲು. ನೀವು ಹಾಕಿಕೊಂಡಿರುವ ಬೆಲೆ 1,500.

ಸಂಖ್ಯೆ ಇಳಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಒಂದು ಹೆಸರಿಗೆ ಅನ್ವಯಿಸಿ ನೋಡಿ: ರಿನ್ಯೂವಲ್ ದರವನ್ನು ವಾರ್ಷಿಕ ಮಾರಾಟದ ಪ್ರಮಾಣದಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಭಾಗಿಸಿ. 28 ಡಾಲರ್, ನೂರಕ್ಕೆ ಅರ್ಧ ಎಂದರೆ 7,000 ಬರುತ್ತದೆ. ಆಯ್ಕೆ ಗಟ್ಟಿಯಾಗಿದ್ದು ನೂರಕ್ಕೆ ಎರಡು ಹೋಗುವಂತಿದ್ದರೆ 1,750ಕ್ಕೆ ಇಳಿಯುತ್ತದೆ. ರಿನ್ಯೂವಲ್ 12 ಡಾಲರ್ ಇರುವ ಎಕ್ಸ್‌ಟೆನ್ಷನ್‌ನಲ್ಲಿ ನೂರಕ್ಕೆ ಒಂದು ಹೋದರೂ 1,500 ಸಾಕು. ಹಾಗಾಗಿ ಎಕ್ಸ್‌ಟೆನ್ಷನ್ ಆರಿಸುವಾಗ ಮೊದಲು ನೋಡುವುದು ರಿನ್ಯೂವಲ್ ಕಾಲಮ್ಮನ್ನೇ. ಹೆಸರಿನ ಅಂದಚೆಂದ ಆಮೇಲೆ.

ಆ 28 ಕೂಡ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಡಾಟ್ ಕಾಮ್‌ನ ಸಗಟು ದರಕ್ಕೆ ಒಪ್ಪಂದದಲ್ಲೇ ಮಿತಿಯಿದೆ, ಹೊಸ ಎಕ್ಸ್‌ಟೆನ್ಷನ್‌ಗಳಿಗೆ ಇಲ್ಲ. 2017ರಲ್ಲಿ ಯೂನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಕೆಲವು ಎಕ್ಸ್‌ಟೆನ್ಷನ್‌ಗಳ ದರವನ್ನು ಹಲವು ಪಟ್ಟು ಏರಿಸಿತು. ಡಾಟ್ ಹೋಸ್ಟಿಂಗ್ 300 ಡಾಲರ್ ಮಟ್ಟ ಮುಟ್ಟಿತು. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಒಪ್ಪಂದದ ಪ್ರಕಾರ ರಿನ್ಯೂವಲ್ ಏರಿಸುವ ರಿಜಿಸ್ಟ್ರಿ (ಎಕ್ಸ್‌ಟೆನ್ಷನ್ ನಡೆಸುವ ಸಂಸ್ಥೆ) 180 ದಿನ ಮುಂಚೆ ತಿಳಿಸಬೇಕು. ಅಷ್ಟರೊಳಗೆ ಹಳೆಯ ದರಕ್ಕೆ ಹತ್ತು ವರ್ಷದವರೆಗೂ ಮುಂಗಡ ಕಟ್ಟಿಟ್ಟುಕೊಳ್ಳಬಹುದು. ಆದರೆ ಆ ನೋಟಿಸ್ ಹೋಗುವುದು ರಿಜಿಸ್ಟ್ರಾರ್‌ಗೆ (ನಿಮಗೆ ಹೆಸರು ಮಾರುವ ಕಂಪನಿ), ನಿಮಗಲ್ಲ. ರಿಜಿಸ್ಟ್ರಾರ್ ಕಳಿಸುವ "ದರ ಪರಿಷ್ಕರಣೆ" ಮೇಲ್ ಜಾಹೀರಾತುಗಳ ರಾಶಿಯಲ್ಲಿ ಮುಳುಗಿಹೋಗದ ಹಾಗೆ ಒಂದು ಫಿಲ್ಟರ್ ಹಾಕಿಡಿ.

ಪದಶೋಧಕ ಉತ್ತರಿಸಿದ್ದು:

ಲೆಕ್ಕ ಮೇಲಿನವರು ಹೇಳಿದ್ದಾಯಿತು. ಆಯ್ಕೆಯ ಬಗ್ಗೆ ಹೇಳುತ್ತೇನೆ.

ಮೊದಲು ಅದೇ ಪದದ ಡಾಟ್ ಕಾಮ್ ತೆರೆದು ನೋಡಿ. ಅದು ಯಾರೂ ಕೊಳ್ಳದೆ ಖಾಲಿ ಬಿದ್ದಿದ್ದರೆ ನಿಮ್ಮ ಹೆಸರಿಗೆ ಬೆಲೆಯೇ ಇಲ್ಲ, ಗಿರಾಕಿ ಹತ್ತು ಡಾಲರ್ ಚಿಲ್ಲರೆಗೆ ಡಾಟ್ ಕಾಮನ್ನೇ ಬರೆಸಿಕೊಳ್ಳುತ್ತಾನೆ. ಅಲ್ಲಿ ದೊಡ್ಡ ಕಂಪನಿಯೊಂದು ಅದೇ ಹೆಸರಿನ ಬ್ರ್ಯಾಂಡ್ ನಡೆಸುತ್ತಿದ್ದರೆ ಕೈ ಹಾಕಬೇಡಿ. ಡಾಟ್ ಕಾಮ್ ಮಾರಾಟಕ್ಕಿದ್ದು ಐದಂಕಿಯ ಬೆಲೆ ಹೇಳುತ್ತಿದ್ದರೆ, ಅಥವಾ ಒಂದೇ ಪದವನ್ನು ನಾಲ್ಕಾರು ಸಣ್ಣ ಸಂಸ್ಥೆಗಳು ತಮ್ಮ ತಮ್ಮ ಹೆಸರಿನಲ್ಲಿ ಬಳಸುತ್ತಿದ್ದರೆ, ಆಗ ನಿಮಗೆ ಗಿರಾಕಿ ಇದ್ದಾನೆ.

ಎರಡನೆಯದು ಚುಕ್ಕಿಯ ಎರಡೂ ಬದಿ ಸೇರಿಸಿ ಓದುವುದು. ಪೇರೋಲ್ ಡಾಟ್ ಟೂಲ್ಸ್ ಎಂದರೆ ಒಂದು ವಸ್ತು ಕಣ್ಣಮುಂದೆ ಬರುತ್ತದೆ. ಪೇರೋಲ್ ಡಾಟ್ ಗಾರ್ಡನ್ ಎಂದರೆ ಏನೂ ಬರುವುದಿಲ್ಲ. ಪದ ಎಷ್ಟೇ ಒಳ್ಳೆಯದಿರಲಿ, ಎಕ್ಸ್‌ಟೆನ್ಷನ್ ಜೊತೆ ಬೆಸೆಯದಿದ್ದರೆ ಅದು ಮಿಕ್ಕಿದ್ದಕ್ಕೆ ಸಮಾಧಾನ ಮಾಡಿಕೊಂಡ ಹೆಸರು ಎಂದು ಗಿರಾಕಿಗೂ ಗೊತ್ತಾಗುತ್ತದೆ. ಏಕವಚನ, ಬಹುವಚನ ಎರಡೂ ಇರುವ ಎಕ್ಸ್‌ಟೆನ್ಷನ್‌ಗಳಲ್ಲಿ (ಫೋಟೋ ಮತ್ತು ಫೋಟೋಸ್, ಕೆರಿಯರ್ ಮತ್ತು ಕೆರಿಯರ್ಸ್) ಫೋನಿನಲ್ಲಿ ಹೇಳಿದರೆ ಕೇಳಿದವರು ಅರ್ಧ ಸಲ ತಪ್ಪೇ ಟೈಪ್ ಮಾಡುತ್ತಾರೆ. ಬೆಲೆ ಕಟ್ಟುವಾಗ ಅದನ್ನೂ ಮುರಿದುಕೊಳ್ಳಿ.

ಮೂರನೆಯದು ಬೇಡಿಕೆಯ ಗುರುತು. ಡಾಟ್‌ಡಿಬಿಯಂಥ ಸಾಧನದಲ್ಲಿ ಒಂದು ಪದ ಎಷ್ಟು ಎಕ್ಸ್‌ಟೆನ್ಷನ್‌ಗಳಲ್ಲಿ ನೋಂದಣಿಯಾಗಿದೆ ಎಂದು ಕಾಣುತ್ತದೆ. ಮೂವತ್ತು ಎಂದು ತೋರಿಸಿದೊಡನೆ ಹಿಗ್ಗಬೇಡಿ. ಅವುಗಳಲ್ಲಿ ಇಪ್ಪತ್ತೈದು ನಿಮ್ಮಂತೆಯೇ ಮಾರಲು ಕೂತವರವು ಇರಬಹುದು. ಒಂದೊಂದನ್ನೂ ತೆರೆದು, ನಿಜವಾದ ತಾಣ ಎಷ್ಟಿವೆ ಎಂದು ಎಣಿಸಿ. ನೇಮ್‌ಬಯೋದಲ್ಲಿ ಆ ಎಕ್ಸ್‌ಟೆನ್ಷನ್‌ನ ಹಳೆಯ ಮಾರಾಟಗಳನ್ನು ನೋಡುವಾಗಲೂ ಮೇಲಿನ ಐದು ದೊಡ್ಡ ಮೊತ್ತ ಬಿಟ್ಟು ಪಟ್ಟಿಯ ನಡುವಿನ ಬೆಲೆ ಹಿಡಿಯಿರಿ. ರಿಜಿಸ್ಟ್ರಿಯೇ ಮಾರಿದ ಹೆಸರುಗಳನ್ನು ಲೆಕ್ಕದಿಂದ ತೆಗೆಯಿರಿ, ಅದು ನಿಮ್ಮಂಥವರ ಮಾರಾಟವಲ್ಲ. ತಾನಾಗಿ ಬೆಲೆ ಹೇಳುವ ಸಾಧನಗಳು ಈ ಎಕ್ಸ್‌ಟೆನ್ಷನ್‌ಗಳಲ್ಲಿ ಬರೀ ಊಹೆ.

ಟ್ರೇಡ್‌ಮಾರ್ಕ್ ವಿಷಯ ಚುಟುಕಾಗಿ: ಯುಡಿಆರ್‌ಪಿ (ಡೊಮೇನ್ ಹೆಸರಿನ ವ್ಯಾಜ್ಯ ಬಿಡಿಸುವ ನಿಯಮ) ದೂರಿಗೆ ವೈಪೋದಲ್ಲಿ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಒಬ್ಬ ತೀರ್ಪುಗಾರರಿದ್ದರೆ ಐದು ಹೆಸರಿನವರೆಗೆ 1,500 ಡಾಲರ್ ಶುಲ್ಕ. ದೊಡ್ಡ ಕಂಪನಿಗೆ ಅದು ಏನೂ ಅಲ್ಲ. ಟ್ರೇಡ್‌ಮಾರ್ಕ್ ನೋಡಿಯೇ ಹೆಸರು ಹಿಡಿದು, ಆ ಮಾಲೀಕರಿಗೇ "ಕೊಳ್ಳುತ್ತೀರಾ" ಎಂದು ಮೇಲ್ ಬರೆದರೆ ದುರುದ್ದೇಶದ ಪುರಾವೆಯನ್ನು ನೀವೇ ಕೈಯಾರೆ ಕೊಟ್ಟಂತೆ. ಹೊಸದಾಗಿ ತೆರೆದ ಎಕ್ಸ್‌ಟೆನ್ಷನ್‌ನಲ್ಲಿ ಕೊಳ್ಳುವಾಗ ಟ್ರೇಡ್‌ಮಾರ್ಕ್ ಎಚ್ಚರಿಕೆಯ ಪರದೆ ಬಂದರೆ "ಒಪ್ಪಿದೆ" ಒತ್ತುವ ಮುನ್ನ ಪೂರ್ತಿ ಓದಿ.

ಒಂದೇವರ್ಷ ಉತ್ತರಿಸಿದ್ದು:

ರಿನ್ಯೂವಲ್ ಅಷ್ಟು ಭಾರವಾದರೆ ರಿನ್ಯೂ ಮಾಡುವುದೇ ಬೇಡ. 2 ಡಾಲರ್‌ಗೆ ಕೊಂಡು, 400ಕ್ಕೆ ಪಟ್ಟಿಗೆ ಹಾಕಿ, ಹೋಗದಿದ್ದರೆ ವರ್ಷದ ಕೊನೆಗೆ ಬಿಟ್ಟುಬಿಡಿ. ಹೋದರೆ ಲಾಭ, ಹೋಗದಿದ್ದರೆ 80 ಡಾಲರ್ ಹೋಯಿತು.

ಮೂಗುತಿಭಾರ ಉತ್ತರಿಸಿದ್ದು:

ಆ ದಾರಿ ಇದೆ, ಆದರೆ ನೀವು ಹೇಳುವಷ್ಟು ಸಲೀಸಲ್ಲ. ಇನ್ನೂರಕ್ಕೆ ಒಂದರ ಲೆಕ್ಕದಲ್ಲಿ 0.2 ಮಾರಾಟ, ಕಮಿಷನ್ ಕಳೆದು 320, ಸರಾಸರಿ ಕೈಗೆ ಬರುವುದು 64. ಹಾಕಿದ್ದು 80. ನೂರಕ್ಕೆ ಒಂದು ಹೋಗುವಂತಿದ್ದರೆ 128 ಬಂದು ಉಳಿತಾಯ. ಅಂದರೆ ಇಲ್ಲೂ ಆಯ್ಕೆಯೇ ತೀರ್ಮಾನಿಸುವುದು.

ಮೇಲಾಗಿ ನಿಮಗೆ ಪೂರ್ತಿ ಹನ್ನೆರಡು ತಿಂಗಳು ಸಿಗುವುದಿಲ್ಲ. ನೋಂದಣಿಯಾದ ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಅದೇ ರಿಜಿಸ್ಟ್ರಾರ್ ಒಳಗಿನ ಖಾತೆಯಿಂದ ಖಾತೆಗೆ ತಳ್ಳಬಹುದು ಅಷ್ಟೆ. ಕೊನೆಯ ಎರಡು ತಿಂಗಳಲ್ಲಿ ಬಂದ ಗಿರಾಕಿ ಅವಧಿ ನೋಡಿ, "ಮುಂದಿನ ತಿಂಗಳೇ 28 ಕಟ್ಟಬೇಕಲ್ಲ" ಎಂದು ಚೌಕಾಸಿ ಶುರು ಮಾಡುತ್ತಾನೆ. ಬಿಟ್ಟುಬಿಡುವ ಯೋಚನೆಯಿದ್ದರೆ ಕೊಂಡ ದಿನವೇ ಆಟೋ-ರಿನ್ಯೂ ಬಂದ್ ಮಾಡಿ. 40 ಹೆಸರಿನ ಆಟೋ-ರಿನ್ಯೂ ಒಂದೇ ರಾತ್ರಿ ಕಾರ್ಡಿನಿಂದ 1,120 ಎಳೆದುಕೊಂಡರೆ ಹಿಂದಕ್ಕೆ ಪಡೆಯುವುದು ಪ್ರತಿ ರಿಜಿಸ್ಟ್ರಾರ್‌ನ ಮರ್ಜಿ.

ಅಪ್ಪಿತಪ್ಪಿ ಒಳ್ಳೆಯ ಹೆಸರಿನ ಅವಧಿ ಮೀರಿದರೆ ರಿಜಿಸ್ಟ್ರಾರ್ ಕೊಡುವ ಗ್ರೇಸ್ ಅವಧಿ (ರಿನ್ಯೂ ಮಾಡಲು ಹೆಚ್ಚುವರಿ ಕಾಲ) 0ರಿಂದ 45 ದಿನ. ಆಮೇಲೆ 30 ದಿನ ರಿಡೆಂಪ್ಷನ್ (ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ), ಅಲ್ಲಿ ದಂಡ ರಿನ್ಯೂವಲ್‌ಗಿಂತ ಹೆಚ್ಚೇ ಬೀಳುತ್ತದೆ. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್ (ಅಳಿಸಲು ಕಾದಿರುವ ಹಂತ), ಆಗ ಯಾರೂ ಏನೂ ಮಾಡಲಾಗದು.

ಡಿಎನ್‌ಎಸ್‌ಮಿತ್ರ ಉತ್ತರಿಸಿದ್ದು:

ಯಾರೂ ಹೇಳದ ಒಂದು ವಿಷಯ: ಹೆಸರು ಹೋಗುತ್ತಿಲ್ಲ ಎಂದು ಕೊರಗುವ ಮುನ್ನ ನಿಮ್ಮ ಮಾರಾಟ ಪುಟ ತೆರೆಯುತ್ತಿದೆಯೇ ನೋಡಿ. ಡಾಟ್ ಆ್ಯಪ್, ಡಾಟ್ ಡೆವ್‌ನಂಥ ಎಕ್ಸ್‌ಟೆನ್ಷನ್‌ಗಳು ಪೂರ್ತಿಯಾಗಿ ಬ್ರೌಸರ್‌ಗಳ ಎಚ್‌ಎಸ್‌ಟಿಎಸ್ ಪಟ್ಟಿಯಲ್ಲಿವೆ, ಅಂದರೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದೆ ಪುಟ ಬರುವುದೇ ಇಲ್ಲ. ರಿಜಿಸ್ಟ್ರಾರ್ ಕೊಡುವ ಪುಕ್ಕಟೆ ಫಾರ್ವರ್ಡಿಂಗ್‌ನಲ್ಲಿ ಎಷ್ಟೋ ಸಲ ಅದಕ್ಕೆ ಬೇಕಾದ ಪ್ರಮಾಣಪತ್ರ ಇರುವುದಿಲ್ಲ. ಹೆಸರು ಟೈಪ್ ಮಾಡಿದ ಗಿರಾಕಿಗೆ ಕಾಣುವುದು ಭದ್ರತಾ ದೋಷದ ಪರದೆ, ನಿಮಗೆ ಕಾಣುವುದು ವಿಚಾರಣೆಯೇ ಬಾರದ ಖಾಲಿ ಇನ್‌ಬಾಕ್ಸ್. ನೇಮ್‌ಸರ್ವರ್‌ಗಳನ್ನು (ಹೆಸರು ಯಾವ ತಾಣಕ್ಕೆ ಹೋಗಬೇಕೆಂದು ಹೇಳುವ ಸೆಟ್ಟಿಂಗ್) ಪ್ರಮಾಣಪತ್ರ ತಾನೇ ಹಾಕುವ ಮಾರಾಟ ತಾಣಕ್ಕೆ ತಿರುಗಿಸಿ, ಒಂದು ದಿನ ಬಿಟ್ಟು ಮೊಬೈಲ್ ಡೇಟಾದಿಂದ, ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ತೆರೆಯಿರಿ.

ಪುಟದಲ್ಲಿ ಬೆಲೆ ಬರೆದೇ ಹಾಕಿ. "ಆಫರ್ ಮಾಡಿ" ಪೆಟ್ಟಿಗೆ ಡಾಟ್ ಕಾಮ್‌ಗೆ ಒಪ್ಪುತ್ತದೆ. ಇಲ್ಲಿ ಗಿರಾಕಿಗೆ ಬೇರೆ ನೂರು ಎಕ್ಸ್‌ಟೆನ್ಷನ್ ಬಾಗಿಲು ತೆರೆದಿದೆ, ಉತ್ತರಕ್ಕೆ ಕಾಯುವುದಿಲ್ಲ.

ಎರಡು ಡಾಲರ್‌ಗೆ ಬಿಕರಿಯಾಗುವ ಎಕ್ಸ್‌ಟೆನ್ಷನ್‌ಗೆ ಮೊದಲು ಮುತ್ತುವವರು ಸ್ಪ್ಯಾಮ್ ಕಳಿಸುವವರು. ಕೆಲವು ಮೇಲ್ ಸರ್ವರ್‌ಗಳು ಅಂಥ ಎಕ್ಸ್‌ಟೆನ್ಷನ್ನನ್ನೇ ಸಾರಾಸಗಟು ಸಂಶಯದಿಂದ ನೋಡುತ್ತವೆ. ಗಿರಾಕಿ ಹೆಸರು ಕೊಳ್ಳುವುದು ಅರ್ಧ ಇಮೇಲ್‌ಗಾಗಿ. ಕೊಳ್ಳುವ ಮುಂಚೆ ಸ್ಪ್ಯಾಮ್ ತಾಣಗಳ ಕಪ್ಪುಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನಲ್ಲಿ ಹೆಸರು ಹುಡುಕಿ, ಹಿಂದೆ ಯಾರಾದರೂ ಬಳಸಿ ಬಿಟ್ಟದ್ದೇ ಎಂದು ಹಳೆಯ ಪುಟಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ನೋಡಿ. ಕೊಂಡಮೇಲೆ ಈ ಹೆಸರಿನಿಂದ ಯಾರೂ ಮೇಲ್ ಕಳಿಸುವುದಿಲ್ಲ ಎಂದು ಸಾರುವ ಎಸ್‌ಪಿಎಫ್ ದಾಖಲೆ ಹಾಕಿ, ಇಲ್ಲದಿದ್ದರೆ ಬೇರೆಯವರು ನಿಮ್ಮ ಹೆಸರು ಹೊತ್ತು ಸ್ಪ್ಯಾಮ್ ಕಳಿಸಿ ಅದನ್ನು ಕೆಡಿಸುತ್ತಾರೆ.

ಚುಕ್ಕಿಯಾಚೆ ಬರೆದದ್ದು:

ಪಟ್ಟಿಯನ್ನು ಪದಶೋಧಕರ ಜರಡಿಗೆ ಹಾಕಿದೆ. 40ರಲ್ಲಿ 17ಕ್ಕೆ ಡಾಟ್ ಕಾಮ್ ದೊಡ್ಡ ಬ್ರ್ಯಾಂಡ್‌ನದು, 12 ಎಕ್ಸ್‌ಟೆನ್ಷನ್ ಜೊತೆ ಅರ್ಥವೇ ಕೊಡುವುದಿಲ್ಲ. ಬೇಡಿಕೆಯ ಪರೀಕ್ಷೆಯಲ್ಲಿ ಇನ್ನೂ 5 ಹೋದವು. ಉಳಿದ ಆರರಲ್ಲಿ ಆ ಪ್ರೀಮಿಯಂ ಹೆಸರೂ ಇದೆ. ಅದರ ಬಗ್ಗೆ ಯಾರೂ ಹೇಳಲಿಲ್ಲ. ಜೊತೆಗೆ, ಎರಡಕ್ಷರದ ದೇಶ ಸಂಕೇತಗಳು (ಡಾಟ್ ಐಒ, ಡಾಟ್ ಎಐ) ಇದಕ್ಕಿಂತ ಮೇಲೇ?

ಮೂಗುತಿಭಾರ ಉತ್ತರಿಸಿದ್ದು:

ಪ್ರೀಮಿಯಂನಲ್ಲಿ ಎರಡು ಬಗೆ. ಒಂದರಲ್ಲಿ 190 ಒಮ್ಮೆ ಮಾತ್ರ, ಮುಂದಿನ ವರ್ಷದಿಂದ ಎಲ್ಲರ ದರ. ಇನ್ನೊಂದರಲ್ಲಿ ಪ್ರತಿ ವರ್ಷವೂ 190. ಕಾರ್ಟ್‌ನಲ್ಲಿ ಅವಧಿಯನ್ನು ಎರಡು ವರ್ಷಕ್ಕೆ ಬದಲಿಸಿ ನೋಡಿ, 218 ಬಂದರೆ ಮೊದಲನೆಯದು, 380 ಬಂದರೆ ಎರಡನೆಯದು. 380 ಬಂದರೆ ನನ್ನ ಸೂತ್ರದಲ್ಲಿ ಹಾಕಿ: ನೂರಕ್ಕೆ ಎರಡರಂತೆ ಹಿಡಿದರೂ 11,875. ಮೂಗಿಗಿಂತ ಮೂಗುತಿ ಭಾರ. ರಿಜಿಸ್ಟ್ರಿಗಳ "ಎಲ್ಲರಿಗೂ ಒಂದೇ ರಿನ್ಯೂವಲ್ ದರ" ಎಂಬ ನಿಯಮದ ರಕ್ಷಣೆಯೂ ಇದಕ್ಕಿಲ್ಲ, ಕೊಳ್ಳುವಾಗಲೇ ಹೆಚ್ಚಿನ ದರಕ್ಕೆ ಒಪ್ಪಿರುತ್ತೀರಿ. ಆ ದರ ಹೆಸರಿಗೇ ಅಂಟಿಕೊಂಡು ಗಿರಾಕಿಯ ಜೊತೆಗೂ ಹೋಗುತ್ತದೆ, ಹೇಳದೆ ಮಾರಿದರೆ ಎಸ್ಕ್ರೋದಲ್ಲೇ (ವ್ಯವಹಾರ ಮುಗಿಯುವವರೆಗೆ ಮೂರನೆಯವರು ಹಣ ಹಿಡಿದಿಡುವ ಹಂತ) ವ್ಯವಹಾರ ಮುರಿಯುತ್ತದೆ.

ಪದಶೋಧಕ ಉತ್ತರಿಸಿದ್ದು:

ದೇಶ ಸಂಕೇತಗಳಿಗೆ ಬೇಡಿಕೆ ಹೆಚ್ಚು, ಹೌದು. ಆದರೆ 180 ದಿನದ ನೋಟಿಸ್, ಗ್ರೇಸ್ ಅವಧಿ, ಯಾವುದೂ ಅಲ್ಲಿ ಇದೇ ರೂಪದಲ್ಲಿರಬೇಕೆಂದಿಲ್ಲ, ಪ್ರತಿ ದೇಶಕ್ಕೂ ಅದರದೇ ನಿಯಮ. 2010ರಲ್ಲಿ ಲಿಬಿಯಾದ ರಿಜಿಸ್ಟ್ರಿ ವಿಬಿ ಡಾಟ್ ಎಲ್‌ವೈ ಹೆಸರನ್ನು ಹಿಂತೆಗೆದುಕೊಂಡಿತು. ಬ್ರೆಕ್ಸಿಟ್ ನಂತರ ಬ್ರಿಟನ್‌ನ ಎಷ್ಟೋ ಮಾಲೀಕರು ಡಾಟ್ ಇಯು ಅರ್ಹತೆಯನ್ನೇ ಕಳೆದುಕೊಂಡರು. ಗಿರಾಕಿಗೆ ಅರ್ಹತೆ ಇಲ್ಲದ ಕಡೆ ನೀವು ಯಾರಿಗೆ ಮಾರುತ್ತೀರಿ? ಸಂಕೇತವೇ ಅಳಿಯುವುದೂ ಉಂಟು: ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಮುಚ್ಚಿತು. ಡಾಟ್ ಐಒ ಇರುವುದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಹೆಸರಿನಲ್ಲಿ. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದವನ್ನು ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದಾಗಿನಿಂದ ಅದರ ಭವಿಷ್ಯದ ಚರ್ಚೆ ನಿಂತಿಲ್ಲ. ಹಾಗೇನಾದರೂ ಆದರೂ ನಿವೃತ್ತಿ ನೀತಿಯಲ್ಲಿ ಐದು ವರ್ಷದ ಕಾಲಾವಕಾಶವಿದೆ, ಆದ್ದರಿಂದ ನಾಳೆಯೇ ಓಡಬೇಕಿಲ್ಲ. ಹತ್ತು ವರ್ಷದ ರಿನ್ಯೂವಲ್ ಮುಂಗಡ ಕಟ್ಟುವ ಜಾಗವಂತೂ ಅದಲ್ಲ.

ಡಾಟ್ ಎಐಗೆ ಕನಿಷ್ಠ ನೋಂದಣಿ ಎರಡು ವರ್ಷ. ಸೂತ್ರಕ್ಕೆ ಹಾಕುವಾಗ ಕಾರ್ಟ್‌ನಲ್ಲಿ ಕಂಡ ಮೊತ್ತವನ್ನು ಎರಡರಿಂದ ಭಾಗಿಸಿ, ಕೈಯಿಂದ ಕಟ್ಟುವಾಗ ಮಾತ್ರ ಪೂರ್ತಿ ಇಟ್ಟುಕೊಂಡಿರಿ.