ಬಾಬ್ ಗ್ರಹಾಂ ರೌಂಡ್: ಡನ್‌ಮೇಲ್ ರೇಜ್ ಕಣಿವೆದಾರಿಗೆ ಇಳಿಯುವಷ್ಟರಲ್ಲಿ ತೊಡೆ ಕೈಕೊಡ್ತಿದೆ

ಮ್ಯಾಂಚೆಸ್ಟರ್_ಓಟಗಾರ: ತಲೆ ಕೆಟ್ಟುಹೋಗಿದೆ. ಬಾಬ್ ಗ್ರಹಾಂ ರೌಂಡ್ ಅಂದ್ರೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ 42 ಶಿಖರಗಳನ್ನ 24 ಗಂಟೆಯೊಳಗೆ ಓಡಿ ಮುಗಿಸೋದು. ಅದರ ಎರಡನೇ ಲೆಗ್‌ನಲ್ಲಿ (ಹಂತದಲ್ಲಿ) ಫೇರ್‌ಫೀಲ್ಡ್ ಬೆಟ್ಟ ಹತ್ತೋವರೆಗೂ ಆರಾಮ. ಸೀಟ್ ಸ್ಯಾಂಡಲ್ ಬೆಟ್ಟದಿಂದ ಇಳಿಯೋಕೆ ಶುರು ಮಾಡಿದ್ರೆ ತೊಡೆ ಗಡಗಡ ನಡುಗುತ್ತೆ, ಕಾಲು ನಿಲ್ಲಲ್ಲ. ಜೂನ್‌ನಲ್ಲಿ ಪೂರ್ತಿ 42 ಶಿಖರ ಮಾಡಬೇಕು. ವಾರದ ಕಿಲೋಮೀಟರ್‌ಗೇನೂ ಕಮ್ಮಿಯಿಲ್ಲ. ಏನ್ ಮಾಡ್ಲಿ?

ಲೀಡ್ಸ್_ಕನ್ನಡಿಗ: ಉಪ್ಪು ಸರ್. ಸೋಡಿಯಂ ಕಮ್ಮಿಯಾಗಿದೆ.

ಮ್ಯಾಂಚೆಸ್ಟರ್_ಓಟಗಾರ: ಉಪ್ಪಿನ ಮಾತ್ರೆ ತಗೋತಾ ಇದ್ದೀನಿ.

ಲೀಡ್ಸ್_ಕನ್ನಡಿಗ: ಗಂಟೆಗೆ ಎಷ್ಟು? ಟೋಪಿ ಮೇಲೆ ಬಿಳಿ ಕಲೆ ಉಳಿಯುತ್ತಾ?

ಘಟ್ಟದ_ಕಾಲು: ಊರಿಗೆ ಬಂದಾಗ ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳೀರಿ ಮಾರಾಯ್ರೆ, 1712 ಮೀಟರ್. ನಾನು ಕಾರ್ಬನ್ ಪೋಲ್, ಹೊಸ ಹೆಡ್‌ಲ್ಯಾಂಪ್, ಐದು ಲೀಟರ್ ವೆಸ್ಟ್ ತಗೊಂಡ ಮೇಲೆ ಇಳಿಜಾರು ಲೆಕ್ಕಕ್ಕೇ ಇಲ್ಲ. ನಿಮ್ಮ ಶೂ ಯಾವುದು?

ಲೀಡ್ಸ್_ಕನ್ನಡಿಗ: ಶೂ ಮಾತು ಬೇಡ. 1932ರಲ್ಲಿ ಬಾಬ್ ಗ್ರಹಾಂ ಟೆನ್ನಿಸ್ ಶೂನಲ್ಲೇ 23 ಗಂಟೆ 39 ನಿಮಿಷಕ್ಕೆ ಮುಗಿಸಿದ್ರು.

ಘಟ್ಟದ_ಕಾಲು: ಹಂಗಂತ ನೀವೂ ಟೆನ್ನಿಸ್ ಶೂ ಹಾಕ್ತೀರಾ? ಒದ್ದೆ ಹುಲ್ಲಲ್ಲಿ ಗ್ರಿಪ್ ಬೇಡ್ವಾ?

ಕೆಂಡಲ್_ನಿವಾಸಿ: ಶೂ, ಉಪ್ಪು ಎರಡನ್ನೂ ಪಕ್ಕಕ್ಕಿಡಿ. ವಾರದ ಓಟ ಎಲ್ಲಿ ಮಾಡ್ತೀರಿ?

ಮ್ಯಾಂಚೆಸ್ಟರ್_ಓಟಗಾರ: ಕಾಲುವೆ ದಂಡೆ ಮೇಲೆ. ಏರಿಗೆ ಜಿಮ್ ಟ್ರೆಡ್‌ಮಿಲ್, 15%ರಲ್ಲಿ.

ಕೆಂಡಲ್_ನಿವಾಸಿ: ಅಲ್ಲೇ ಇರೋದು ವಿಷಯ. ಈ ರೌಂಡ್‌ನಲ್ಲಿ ಸುಮಾರು 8,200 ಮೀಟರ್ ಏರು, ಅಷ್ಟೇ ಇಳಿಜಾರು. ಟ್ರೆಡ್‌ಮಿಲ್ ಏರು ಕಲಿಸುತ್ತೆ, ಇಳಿಯೋದನ್ನ ಕಲಿಸಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತೆ, ಎಳೆ ಎಳೆಯಾಗಿ ಹರಿಯುತ್ತೆ. ಒಂದ್ಸಲ ಜೋರಾಗಿ ಇಳಿದು ಚೇತರಿಸಿಕೊಂಡ್ರೆ ಮುಂದಿನ ಸಲ ಸ್ನಾಯುಗೆ ಅಷ್ಟು ಪೆಟ್ಟಾಗಲ್ಲ, ಆ ರಕ್ಷಣೆ ಕೆಲವು ವಾರ ಉಳಿಯುತ್ತೆ. ರೈಲಲ್ಲಿ ಎಡೇಲ್‌ಗೆ ಹೋಗಿ. ಅಲ್ಲಿನ ಗ್ರಿಂಡ್ಸ್‌ಲೋ ನೋಲ್ ಬೆಟ್ಟಕ್ಕೆ ನಡೆದು ಹತ್ತಿ, ಓಡಿ ಇಳೀರಿ. ಮೊದಲ ದಿನ ಎರಡೇ ಸಲ ಸಾಕು, ನೋವು ಪೂರ್ತಿ ಹೋದ ಮೇಲೆ ಮತ್ತೆ. ಹೆಜ್ಜೆ ಚಿಕ್ಕದಿರಲಿ, ಹಿಂದಕ್ಕೆ ವಾಲಬೇಡಿ. ಜೂನ್ ಓಟಕ್ಕೆ ಎರಡು ವಾರ ಮುಂಚೆ ಇದನ್ನ ನಿಲ್ಲಿಸಿ. ಡನ್‌ಮೇಲ್ ಆದ ಮೇಲೂ ಸ್ಕಾಫೆಲ್ ಶಿಖರದಿಂದ ವಾಸ್ಡೇಲ್ ಕಣಿವೆಗೆ ಇಳಿಯೋದಿದೆ, ಅಲ್ಲೇ ಬಹಳ ಜನ ಕೈಚೆಲ್ಲೋದು.

ಲೀಡ್ಸ್_ಕನ್ನಡಿಗ: ಆದ್ರೂ ಬೆವರಿನ ಟೆಸ್ಟ್ ಒಂದು ಮಾಡಿಸಿ.

ಮ್ಯಾಂಚೆಸ್ಟರ್_ಓಟಗಾರ: ಶನಿವಾರ ಎಡೇಲ್‌ಗೆ ಹೋಗ್ತೀನಿ, ತುಂಬಾ ಥ್ಯಾಂಕ್ಸ್. ಸ್ಕಾಫೆಲ್‌ಗೆ ಬ್ರಾಡ್ ಸ್ಟ್ಯಾಂಡ್ ಬಂಡೆ ಹತ್ತೋದಾ, ಫಾಕ್ಸಸ್ ಟಾರ್ನ್ ಕೊಳದ ಕಡೆಯಿಂದ ಸುತ್ತಿ ಹೋಗೋದಾ?

ಘಟ್ಟದ_ಕಾಲು: ಬ್ರಾಡ್ ಸ್ಟ್ಯಾಂಡೇ. ಹಗ್ಗ ಇದ್ರಾಯ್ತು.

ಕೆಂಡಲ್_ನಿವಾಸಿ: ಬಂಡೆ ಒದ್ದೆಯಿದ್ರೆ ಆ ಕಡೆ ತಲೆನೂ ಹಾಕಬೇಡಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರೀತೀನಿ.