ಒಬ್ಬಳೇ ಓದಲು ಕೂತರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ, ಜೊತೆ ಹುಡುಕುವುದು ಹೇಗೆ?

ಪುನಃ_ಪಿಯುಸಿ (ಡೊಂಬಿವಲಿ):

ಎಲ್ಲರಿಗೂ ನಮಸ್ಕಾರ. ನನಗೆ ಈಗ 37. ಊರು ಹಾವೇರಿ ಕಡೆ. ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಇಲ್ಲಿಗೆ, ಮುಂಬೈ ಪಕ್ಕದ ಡೊಂಬಿವಲಿಗೆ ಬಂದವಳು. ಮಗ ಒಂಬತ್ತನೇ ಕ್ಲಾಸು. ಈ ವರ್ಷ ಧೈರ್ಯ ಮಾಡಿ ಎನ್ಐಓಎಸ್ ಓಪನ್ ಸ್ಕೂಲಿನಲ್ಲಿ 12ನೇ ಕ್ಲಾಸಿಗೆ ಹೆಸರು ಹಚ್ಚಿದ್ದೇನೆ, ಕಾಮರ್ಸ್.

ರಾತ್ರಿ ಪಾತ್ರೆ ತೊಳೆದು ಹತ್ತು ಗಂಟೆಗೆ ಪುಸ್ತಕ ತೆಗೆಯುತ್ತೇನೆ. ಮೊದಲ ವಾರ ಭರ್ಜರಿ. ಎರಡನೇ ವಾರ ಒಂದು ದಿನ ನೆಂಟರು, ಒಂದು ದಿನ ಮಗನ ಟೆಸ್ಟು, ಒಂದು ದಿನ ಸುಮ್ನೆ ನಿದ್ದೆ. ಮೂರನೇ ವಾರಕ್ಕೆ ಪುಸ್ತಕ ಫ್ರಿಜ್ ಮೇಲೆ, ಅದರ ಮೇಲೆ ಕರೆಂಟ್ ಬಿಲ್ಲು. ಹೀಗೆ ಆಗುತ್ತಿರುವುದು ಇದು ಮೂರನೇ ಸಲ. ನಮ್ಮ ಯಜಮಾನರು ಬೇಡ ಅನ್ನುವುದಿಲ್ಲ, "ಮುಂದಿನ ಸಲ ಬರೆದರಾಯ್ತು ಬಿಡು" ಅನ್ನುತ್ತಾರೆ. ಬೇಡ ಅಂದಿದ್ದರೆ ಹಟಕ್ಕಾದರೂ ಓದುತ್ತಿದ್ದೆ ಅನ್ನಿಸುತ್ತದೆ.

ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದೆ, 200ರ ಹತ್ತಿರ ಜನ. ಬೆಳಿಗ್ಗೆ ಗುಲಾಬಿ ಹೂವು, ರಾತ್ರಿ ಚಂದ್ರ, ನಡುವೆ "ನಿಮ್ಮಿಂದ ಸಾಧ್ಯ" ಅಂತ ಚಿತ್ರ. ಹತ್ತು ದಿನ ನಾನು ಪುಸ್ತಕ ಮುಟ್ಟಲಿಲ್ಲ, ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಅದಕ್ಕೂ ಮೊದಲು ಒಂದು ಟ್ಯೂಶನ್ನಿಗೆ ಹೋಗಿದ್ದೆ. ಎಲ್ಲ 17 ವರ್ಷದ ಮಕ್ಕಳು. ಡಿಪ್ರಿಸಿಯೇಶನ್ (ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಯುವುದು) ಅನ್ನುವ ಪದ ಓದುವಾಗ ತಡವರಿಸಿದೆ, ಹಿಂದಿನ ಬೆಂಚಿನವರು ನಕ್ಕರು, ಸರ್ ಕೂಡ ನಕ್ಕರು. ಆಮೇಲೆ ಹೋಗಲಿಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ ದೊಡ್ಡವರಾದ ಮೇಲೆ ಜೊತೆಗೂಡಿ ಓದಿದ್ದೀರಾ? ಅಂಥವರು ಎಲ್ಲಿ ಸಿಗುತ್ತಾರೆ?

ಮಾಟುಂಗದ_ಹಳಬ:

ತಂಗೀ, ನನ್ನ ಕತೆ ಸ್ವಲ್ಪ ಉದ್ದ, ಬೇಸರ ಮಾಡಬೇಡ. ನಾನು 1974ರಲ್ಲಿ ಕುಂದಾಪುರ ಕಡೆಯಿಂದ ಬಂದವನು. ಮುಂಬೈ ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಆಗ ಆ ಕಡೆ ಕನ್ನಡದ ರಾತ್ರಿ ಶಾಲೆಗಳು ಇದ್ದವು. ಮೊಗವೀರ ಸಮಾಜದವರು ನಡೆಸುತ್ತಿದ್ದದ್ದು ಅದರಲ್ಲಿ ಬಹಳ ಹಳೇದು. ಹಗಲಿಡೀ ಹೋಟೆಲು, ಕ್ಯಾಂಟೀನು ಅಂತ ದುಡಿದ ಹುಡುಗರೇ ಅಲ್ಲಿ ಜಾಸ್ತಿ. ಕ್ಲಾಸಿನ ತುಂಬ ಒಗ್ಗರಣೆ ವಾಸನೆ.

ನಾವು ಐದು ಹುಡುಗರು ಹೋಟೆಲಿನ ಅಟ್ಟದ ಮೇಲೆ ಮಲಗುತ್ತಿದ್ದೆವು. ಐದು ಜನರಿಗೆ ಒಂದೇ ಪುಸ್ತಕ. ಬೆಳಿಗ್ಗೆ ನಾಲ್ವರು ಈರುಳ್ಳಿ ಹೆಚ್ಚುವಾಗ ಒಬ್ಬ ಜೋರಾಗಿ ಓದಬೇಕು, ಮರುದಿನ ಇನ್ನೊಬ್ಬ. ಓದುವ ಪಾಳಿ ಬಂದವನಿಗೆ ಆ ದಿನ ಕಣ್ಣುರಿ ಇಲ್ಲ, ಹಾಗಾಗಿ ಯಾರೂ ಪಾಳಿ ತಪ್ಪಿಸುತ್ತಿರಲಿಲ್ಲ!

ನಿಜವಾಗಿ ನಮ್ಮನ್ನು ಓದಿಸಿದ್ದು ಅಡುಗೆಯ ಭಟ್ಟರು. ಅವರು ಎರಡನೇ ಕ್ಲಾಸು ದಾಟಿದವರಲ್ಲ. ರಾತ್ರಿ ಹತ್ತಕ್ಕೆ ನಾವು ಶಾಲೆಯಿಂದ ಬಂದರೆ ಅನ್ನದ ಪಾತ್ರೆ ಮುಚ್ಚಿಟ್ಟುಕೊಂಡು ಕೂತಿರುತ್ತಿದ್ದರು. "ಇವತ್ತು ಎಂತ ಹೇಳಿಕೊಟ್ರು?" ಹೇಳಿದ ಮೇಲೆಯೇ ಬಡಿಸುವುದು. ಒಮ್ಮೆ ಭೂಮಿ ತಿರುಗುತ್ತದೆ ಅಂದೆ. "ತಿರುಗಿದ್ರೆ ಬಾವಿ ನೀರು ಯಾಕೆ ಚೆಲ್ಲೂದಿಲ್ಲ?" ಅಂದರು. ನನಗೆ ಗೊತ್ತಿದ್ದರಲ್ಲವೇ! ಮರುದಿನ ಮಾಸ್ತರರನ್ನು ಕೇಳಿಕೊಂಡು ಬಂದೆ. ಅಲ್ಲಿಯ ತನಕ ಕ್ಲಾಸಿನಲ್ಲಿ ನಾನು ಕೈ ಎತ್ತಿದ್ದೇ ಇಲ್ಲ. ಭಟ್ಟರು ಒಂದು ದಿನವೂ ಭೇಷ್ ಅಂದವರಲ್ಲ, ಕೇಳುವುದನ್ನು ಮಾತ್ರ ಬಿಡಲಿಲ್ಲ.

ಎಸ್ಸೆಸ್ಸಿ ನಾನು ಎರಡನೇ ಸಲಕ್ಕೆ ಪಾಸಾದೆ. ಐವರಲ್ಲಿ ಮೂವರು ದಡ ಸೇರಿದೆವು, ಒಬ್ಬ ಊರಿಗೆ ಹೋದ, ಇನ್ನೊಬ್ಬ ಓದು ಬಿಟ್ಟು ಸ್ವಂತ ಹೋಟೆಲ್ ಹಾಕಿದ. ಈಗ ನಮ್ಮೆಲ್ಲರಿಗಿಂತ ದುಡ್ಡು ಅವನ ಹತ್ತಿರವೇ, ಅದು ಬೇರೆ ವಿಷಯ.

ನೀನು ಮಾಡಬೇಕಾದ್ದು ಇಷ್ಟೇ. ಡೊಂಬಿವಲಿಯಲ್ಲಿ ಕನ್ನಡದವರ ಸಂಘಗಳಿವೆ, ಅಲ್ಲಿನ ಮಹಿಳಾ ವಿಭಾಗದಲ್ಲಿ ಬಾಯಿಬಿಟ್ಟು ಕೇಳು. ಈ ಕಡೆ ಬಂದರೆ ಮಾಟುಂಗದ ಮೈಸೂರು ಅಸೋಸಿಯೇಷನ್ ಇದೆ, 1926ರದ್ದು, ಮಾಹಿಮಿನಲ್ಲಿ ಕರ್ನಾಟಕ ಸಂಘ ಇದೆ. ನಾಟಕ, ಯಕ್ಷಗಾನಕ್ಕೆ ಬಂದವರಲ್ಲೇ ಅರ್ಧಕ್ಕೆ ಓದು ಬಿಟ್ಟವರು ಎಷ್ಟು ಜನ ಸಿಗುತ್ತಾರೆ ನೋಡು.

ಒಂಟಿ_ಸಲಗ (ಪುಣೆ):

ಎಲ್ಲರೂ ಗುಂಪು ಗುಂಪು ಅನ್ನುತ್ತೀರಿ. ನಾನು ನೋಡಿದ ಗುಂಪುಗಳಲ್ಲಿ ಮೊದಲ ದಿನ ಟೈಮ್‌ಟೇಬಲ್, ಎರಡನೇ ದಿನ ಚಕ್ಕುಲಿ, ಮೂರನೇ ದಿನ ಯಾರ ಅತ್ತೆ ಹೇಗೆ ಅನ್ನುವ ಚರ್ಚೆ. ಅಷ್ಟೇ.

ಅದಕ್ಕಿಂತ ಲೆಕ್ಕ ಹಾಕಿ ಓದಿ. ಓಪನ್ ಸ್ಕೂಲ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷ ನಡೆಯುತ್ತದೆ. ಪಾಸಾದ ವಿಷಯ ಪಾಸೇ, ಮತ್ತೆ ಬರೆಯಬೇಕಿಲ್ಲ. ಐದೂ ವಿಷಯ ಒಟ್ಟಿಗೆ ಕಟ್ಟಿ ಯಾಕೆ ಒದ್ದಾಡುತ್ತೀರಿ? ಮೊದಲು ಎರಡು ಕಟ್ಟಿ. ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟಿಗೂ 20% ತೂಕ ಇದೆ, ಅದನ್ನು ಬಿಡಬೇಡಿ.

8.12_ಲೇಡೀಸ್_ಡಬ್ಬಾ (ಠಾಣೆ):

ಸಲಗ ಅಣ್ಣಾ, ನೀವು ಹೇಳಿದ ಲೆಕ್ಕ ಸರಿ, ಆದರೆ ಎರಡೇ ವಿಷಯ ಕಟ್ಟಿದರೂ ಪುಸ್ತಕ ಫ್ರಿಜ್ ಮೇಲಿಂದ ತಾನಾಗಿ ಇಳಿದು ಬರುವುದಿಲ್ಲವಲ್ಲ.

ಅಕ್ಕಾ, ನಾನು ಬ್ಯಾಂಕಿನಲ್ಲಿದ್ದೇನೆ. ಜೆಎಐಐಬಿ ಅಂತ ನಮ್ಮ ಡಿಪಾರ್ಟ್‌ಮೆಂಟಲ್ ಪರೀಕ್ಷೆ, ಒಂದೊಂದೇ ಪೇಪರ್ ಬಾಕಿ ಉಳಿಸಿಕೊಂಡಿದ್ದ ನಾಲ್ವರು ಲೋಕಲ್ ರೈಲಿನ ಒಂದೇ ಡಬ್ಬಾದಲ್ಲಿ ಸಿಕ್ಕೆವು. ಲೋಕಲ್‌ನಲ್ಲಿ ಭಜನೆ ಮಂಡಳಿಯವರನ್ನು ನೋಡಿದ್ದೀರಲ್ವಾ, ತಾಳ ಹೊಡೆಯುವವನು ಒಂದು ದಿನ ಬರದಿದ್ದರೆ ಮುಲುಂಡ್ ಬರುವುದರೊಳಗೆ ಅವನಿಗೆ ಫೋನ್ ಹೋಗಿರುತ್ತದೆ. ಅದನ್ನೇ ನಾವೂ ಹಿಡಿದೆವು. ಠಾಣೆಯಿಂದ ದಾದರ್ ತನಕ ಅರ್ಧ ಗಂಟೆ, ಪುಸ್ತಕ ಮುಚ್ಚಿಟ್ಟು ಒಬ್ಬಳು ಒಂದು ಟಾಪಿಕ್ ಹೇಳಬೇಕು, ಉಳಿದವರು ತಪ್ಪು ಹಿಡಿಯಬೇಕು. ಮೂವರ ಬೆಂಚಿನ ತುದಿಯ ಚೌಥಿ ಸೀಟಿನಲ್ಲಿ ಅರ್ಧ ಕೂತು, ಅರ್ಧ ನೇತಾಡಿಕೊಂಡು ಎನ್‌ಪಿಎ, ಅಂದರೆ ಕಂತು ಬಾರದೆ ನಿಂತ ಸಾಲದ ಬಗ್ಗೆ ಮಾತಾಡಿದ್ದೇನೆ. ಪಕ್ಕದಲ್ಲಿ ಮಟರ್ ಸುಲಿಯುತ್ತಿದ್ದ ಒಬ್ಬ ಆಂಟಿ, "ಮೂರು ತಿಂಗಳು ಕಂತು ಕಟ್ಟದಿದ್ದರೆ ತಾನೇ?" ಅಂತ ನನ್ನನ್ನೇ ಸರಿ ಮಾಡಿದರು.

ಪುಸ್ತಕ ಮುಚ್ಚಿ ಹೇಳುವುದು ನಮ್ಮ ತಲೆಯಿಂದ ಬಂದದ್ದಲ್ಲ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನುವ ಇಬ್ಬರು ಅಮೆರಿಕದಲ್ಲಿ ಕಾಲೇಜು ಹುಡುಗರ ಮೇಲೆ ಪ್ರಯೋಗ ಮಾಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ, ಪಾಠವನ್ನೇ ಮತ್ತೆ ಓದಿದವರು ಮುಂದು. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದು. ಭಟ್ಟರು ಅನ್ನ ಮುಚ್ಚಿಟ್ಟುಕೊಂಡು ಮಾಡಿಸುತ್ತಿದ್ದದ್ದೂ ಅದೇ ಅಲ್ವಾ?

ಮೂರು-ನಾಲ್ಕು ಜನಕ್ಕಿಂತ ಜಾಸ್ತಿ ಬೇಡ ಅಕ್ಕಾ. ಎಂಟು ಜನ ಆದರೆ ಒಬ್ಬರು ಬರದಿದ್ದರೂ ನಡೆಯುತ್ತದೆ, ಆಮೇಲೆ ಇಬ್ಬರು ಬರದಿದ್ದರೂ ನಡೆಯುತ್ತದೆ.

ಮೈಕ್_ಟೆಸ್ಟಿಂಗ್ (ಅಂಧೇರಿ):

ಆ ಟ್ಯೂಶನ್ನಿನಲ್ಲಿ ನಕ್ಕರು ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ನಾನು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗುತ್ತೇನೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದು, ಮಾತಾಡಲು ಹೆದರುವವರು ಒಬ್ಬರ ಮುಂದೆ ಒಬ್ಬರು ಮಾತಾಡಿ ಕಲಿಯುವ ಜಾಗ. ಅಲ್ಲಿ ನೀವು ಐದು-ಏಳು ನಿಮಿಷ ಮಾತಾಡಿದ ಮೇಲೆ ಇನ್ನೊಬ್ಬರು ಎದ್ದು ಎರಡು-ಮೂರು ನಿಮಿಷ ನಿಮ್ಮ ಮಾತಿನ ಬಗ್ಗೆ ಹೇಳುತ್ತಾರೆ. ಸುಮ್ನೆ "ಚೆನ್ನಾಗಿತ್ತು" ಅಂದು ಕೂರುವ ಹಾಗಿಲ್ಲ. ಯಾವುದು ಚೆನ್ನಾಗಿತ್ತು, ಮುಂದಿನ ಸಲ ಯಾವುದನ್ನು ತಿದ್ದಬೇಕು, ಎರಡೂ ಹೇಳಬೇಕು. ನೀವು ಎಷ್ಟು ಸಲ ಅಹ್, ಮ್ಮ್ ಅಂದಿರಿ ಅಂತ ಎಣಿಸುವುದಕ್ಕೇ ಒಬ್ಬರು ಇರುತ್ತಾರೆ. ನನ್ನ ಮೊದಲ ದಿನ 23 ಸಲ "ಸೋ" ಅಂದಿದ್ದೆ. ಇಡೀ ರೂಮು ನಕ್ಕಿತು, ನಾನೂ ನಕ್ಕೆ. ಎಣಿಸಿದವಳು ತನ್ನದು 31 ಆಗಿತ್ತು ಅಂದಳು.

ನಗುವುದರಲ್ಲೂ ಎರಡು ಜಾತಿ ಇದೆ ಅಂತ ಅವತ್ತು ಗೊತ್ತಾಯಿತು. ಗುಂಪು ಆರಿಸುವಾಗ ಮೊದಲು ಅದನ್ನು ನೋಡಿ.

ಪುನಃ_ಪಿಯುಸಿ (ಡೊಂಬಿವಲಿ), ಆರು ವಾರದ ನಂತರ:

ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಜೊತೆ ಸಿಕ್ಕಿದೆ! ಸಂಘದಲ್ಲಿ ಕೇಳಿದಾಗ ಒಬ್ಬರು ಸಿಕ್ಕರು, ಇಳಕಲ್ ಕಡೆಯವರು, ಮನೆಯಿಂದಲೇ ಸೀರೆ ಮಾರುತ್ತಾರೆ, ಲೆಕ್ಕ ಬರೆಯಲು ಕಲಿಯಬೇಕಂತೆ. ಇನ್ನೊಬ್ಬಳು ನಮ್ಮ ಬಿಲ್ಡಿಂಗಿನ ಮರಾಠಿ ಸೊಸೆ, ನನ್ನ ಹಾಗೇ 12ನೇ ಕ್ಲಾಸು ಬಾಕಿ. ನಾಲ್ಕು ವರ್ಷದಿಂದ ಲಿಫ್ಟಿನಲ್ಲಿ ನಗುತ್ತಿದ್ದೆವು, ವಿಷಯ ಗೊತ್ತೇ ಇರಲಿಲ್ಲ. ಬುಧವಾರ ಮತ್ತು ಭಾನುವಾರ ಮಧ್ಯಾಹ್ನ ಮೂರಕ್ಕೆ ಕೂರುತ್ತೇವೆ, ಅರ್ಧ ಕನ್ನಡ, ಅರ್ಧ ಹಿಂದಿ. ಯಾರು ಬರುವುದಿಲ್ಲವೋ ಉಳಿದಿಬ್ಬರು ಪುಸ್ತಕ ಹಿಡಿದು ಅವರ ಮನೆಗೇ ಹೋಗಬೇಕು, ಇದು ಸೀರೆ ಅಕ್ಕ ಹಾಕಿದ ನಿಯಮ. ಎರಡನೇ ವಾರವೇ ನನ್ನ ಮನೆಗೆ ಬಂದರು. ನೆಂಟರಿದ್ದಾರೆ ಅಂದೆ. "ಅವರನ್ನೂ ಕೂರಿಸ್ರಿ" ಅಂದರು. ನಮ್ಮ ನಾದಿನಿ ಒಂದು ಗಂಟೆ ಡೆಬಿಟ್, ಕ್ರೆಡಿಟ್ ಕೇಳಿಸಿಕೊಂಡು ಹೋದಳು, ಪಾಪ.

ಸಲಗ ಅವರು ಹೇಳಿದ ಹಾಗೆ ಎರಡೇ ವಿಷಯ ಕಟ್ಟುತ್ತಿದ್ದೇನೆ. ಚಕ್ಕುಲಿಯೂ ಇದೆ, ಸುಳ್ಳು ಹೇಳುವುದಿಲ್ಲ.

ಕಳೆದ ಭಾನುವಾರ ನನ್ನ ಟ್ರಯಲ್ ಬ್ಯಾಲೆನ್ಸ್ (ಡೆಬಿಟ್, ಕ್ರೆಡಿಟ್ ಎರಡೂ ಕಡೆಯ ಮೊತ್ತ ಸಮ ಬರಬೇಕಾದ ಪಟ್ಟಿ) ಕೂಡಲಿಲ್ಲ, 90 ರೂಪಾಯಿ ವ್ಯತ್ಯಾಸ. ಮುಂಚೆ ಆಗಿದ್ದರೆ ಪುಸ್ತಕ ಮತ್ತೆ ಫ್ರಿಜ್ ಮೇಲೆ ಹೋಗುತ್ತಿತ್ತು. ಮರಾಠಿ ಹುಡುಗಿ ನೋಡಿ, "90 ಒಂಬತ್ತರಿಂದ ಭಾಗ ಹೋಗುತ್ತೆ, ಎಲ್ಲೋ ಎರಡು ಅಂಕಿ ಅದಲುಬದಲು ಆಗಿರಬೇಕು" ಅಂದಳು. ಮೂವರೂ ಒಂದೊಂದು ಪುಟ ಹಂಚಿಕೊಂಡು ಬೆರಳಿಟ್ಟು ಹುಡುಕಿದೆವು. ಸ್ಟೇಷನರಿ ಖರ್ಚು 1,450 ಇದ್ದದ್ದನ್ನು ನಾನು 1,540 ಅಂತ ಬರೆದಿದ್ದೆ. ಸಿಕ್ಕಾಗ ಸೀರೆ ಅಕ್ಕ ಕೂಗಿದ್ದು ಕೇಳಿ ಒಳಗಿಂದ ನಮ್ಮ ಯಜಮಾನರು ಏನಾಯ್ತು ಅಂತ ಓಡಿ ಬಂದರು.

ನಾಳೆ ಬುಧವಾರ, ಹೇಳಿಕೊಡುವ ಪಾಳಿ ನನ್ನದು. ಪಾಠ ಡಿಪ್ರಿಸಿಯೇಶನ್. ಬೆಳಿಗ್ಗೆಯಿಂದ ಕುಕ್ಕರಿನ ಮುಂದೆ ನಿಂತು ಆ ಪದ ಹೇಳಿ ಹೇಳಿ ಮಗನಿಗೂ ಬಾಯಿಪಾಠ ಆಗಿದೆ. ಇನ್ನೂ ಎರಡು ಲೆಕ್ಕ ಬಾಕಿ ಇವೆ, ಬರುತ್ತೇನೆ.